ಫಾರ್ಮ್ಯಾಟ್ ಮಾಡಿದ್ಮೇಲೆ ಬೋಯಿಂಕ್ ಟಾಸ್ಕ್ ಏನಾಗತ್ತೆ?

"ಸರ್, ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಬಿಟ್ಟೆ, ಅರ್ಧ ಓಡಿದ್ದ ಎಂಟು ಟಾಸ್ಕ್ ಹೋಯ್ತು, ಅಕೌಂಟ್ ಪೇಜಲ್ಲಿ ಮಾತ್ರ ಇನ್ನೂ ಇನ್ ಪ್ರೋಗ್ರೆಸ್ ಅಂತಾನೇ ಇದೆ, ಏನ್ ಮಾಡ್ಲಿ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರ್ದಿದೀನೋ ನಂಗೇ ಲೆಕ್ಕ ಇಲ್ಲ. ಈ ಸಲ ಪೂರ್ತಿ ಬರ್ದಿಡ್ತೀನಿ. ಹೊಸಬರಿಗೆ ಒಂದು ಮಾತು: ಬೋಯಿಂಕ್ ಅಂದ್ರೆ ನಮ್ ಕಂಪ್ಯೂಟರಲ್ಲಿ ವಿಜ್ಞಾನದ ಪ್ರಾಜೆಕ್ಟ್‌ಗಳಿಗೆ ಲೆಕ್ಕ ಮಾಡ್ಕೊಡೋ ಸಾಫ್ಟ್‌ವೇರ್, ಪ್ರಾಜೆಕ್ಟಿನ ಸರ್ವರ್ ಕಳ್ಸೋ ಒಂದೊಂದು ತುಂಡು ಕೆಲಸಾನೇ ಟಾಸ್ಕ್.

ಅದೇ ಅಕೌಂಟಿಗೆ ಮತ್ತೆ ಸೇರ್ಕೊಂಡು ಒಂದ್ಸಲ ಅಪ್‌ಡೇಟ್ ಒತ್ತಿ. ಬೋಯಿಂಕ್ ಸರ್ವರನ್ನ ಮಾತಾಡಿಸುವಾಗ ನನ್ ಹತ್ರ ಇಂತಿಂಥ ಟಾಸ್ಕ್ ಇದೆ ಅಂತ ಪಟ್ಟಿ ಕೊಡತ್ತೆ, ಸರ್ವರ್ ತನ್ನ ಪಟ್ಟಿ ಜೊತೆ ತಾಳೆ ನೋಡತ್ತೆ. ಇದು ಹಳೇ ಕಂಪ್ಯೂಟರೇ ಅಂತ ಗುರುತು ಸಿಕ್ಕಿ, ಪ್ರಾಜೆಕ್ಟಿನವರು ಕಳ್ದೋದ ಟಾಸ್ಕ್ ಮತ್ತೆ ಕಳ್ಸೋ ಸೆಟ್ಟಿಂಗ್ ಆನ್ ಮಾಡಿಟ್ಟಿದ್ರೆ ಅವು ಮತ್ತೆ ಬರತ್ವೆ, ಸೊನ್ನೆಯಿಂದ ಶುರು. ಇಲ್ಲಾಂದ್ರೆ 'ಅಬ್ಯಾಂಡನ್ಡ್' (ಬಿಟ್ಟೋಗಿದ್ದು) ಅಂತ ಹಾಕಿ ಬೇರೆಯವರಿಗೆ ಕೊಡತ್ತೆ. ಹೊಸ ಕಂಪ್ಯೂಟರ್ ಅಂದ್ಕೊಂಡು ಹೊಸ ಐಡಿ ಕೊಟ್ಬಿಟ್ರೆ ಹಳೇವು ಡೆಡ್‌ಲೈನ್ ತನಕ ಹಾಗೇ ನೇತಾಡ್ತಿರ್ತವೆ, ಆಗ ಸಾಮಾನ್ಯವಾಗಿ ಕಾಯ್ಬೇಕು ಅಷ್ಟೆ.

ಆದ್ರೆ ನನಗೆ ನಿಜವಾಗ್ಲೂ ಬೇಜಾರಾಗೋದು ಇದಕ್ಕಲ್ಲ. "ಅಬಾರ್ಟ್ (ಟಾಸ್ಕ್ ರದ್ದು ಮಾಡೋ ಬಟನ್) ಒತ್ತಿದ್ರೆ ಮಾಡಿದ ಕೆಲಸ ಹಾಳು, ಒತ್ತದೆ ಸುಮ್ನೆ ಬಿಟ್ರೆ ಬೇರೆ ಯಾರಾದ್ರೂ ನಾನು ನಿಲ್ಸಿದ ಜಾಗದಿಂದ ಮುಂದುವರಿಸ್ತಾರೆ" ಅನ್ನೋ ನಂಬಿಕೆ ಇದ್ಯಲ್ಲ, ಅದಕ್ಕೆ. ದಯವಿಟ್ಟು ಕೇಳಿ, ಯಾರೂ ಮುಂದುವರಿಸಲ್ಲ. 70 ಪರ್ಸೆಂಟ್ ಆಗಿದೆ ಅಂತ ನಿಮ್ಗೆ ಕಾಣ್ತಿದ್ದ ಆ ಕೆಲಸ ಇರೋದು ನಿಮ್ ಡಿಸ್ಕಲ್ಲಿ ಮಾತ್ರ, ಬೋಯಿಂಕ್ ಡೇಟಾ ಫೋಲ್ಡರ್ ಒಳಗೆ ಸ್ಲಾಟ್ಸ್ ಅಂತ ಇನ್ನೊಂದು ಫೋಲ್ಡರ್ ಇರತ್ತೆ, ಚೆಕ್‌ಪಾಯಿಂಟ್ ಫೈಲ್ ಕೂತಿರೋದು ಅಲ್ಲಿ. ಕರೆಂಟ್ ಹೋಗಿ ಬಂದಾಗ ನಿಮ್ ಕಂಪ್ಯೂಟರೇ ಮತ್ತೆ ಶುರು ಮಾಡ್ಲಿ ಅಂತ ಇರೋ ಫೈಲ್ ಅದು, ಸರ್ವರಿಗೆ ಹೋಗಲ್ಲ. ಸರ್ವರಿಗೆ ಸಾಮಾನ್ಯವಾಗಿ ಹೋಗೋದು ಪೂರ್ತಿ ಮುಗಿದ ಉತ್ತರ ಮಾತ್ರ (ಕ್ಲೈಮೇಟ್‌ಪ್ರಿಡಿಕ್ಷನ್ ಥರ ತಿಂಗಳುಗಟ್ಲೆ ಟೈಮ್ ಕೊಡೋ ಪ್ರಾಜೆಕ್ಟಲ್ಲಿ ಮಧ್ಯೆ ಮಧ್ಯೆ ವರದಿ ಹೋಗಿ ಸ್ವಲ್ಪ ಸ್ವಲ್ಪ ಕ್ರೆಡಿಟ್, ಅಂದ್ರೆ ಮಾಡಿದ ಕೆಲಸಕ್ಕೆ ಸಿಗೋ ಪಾಯಿಂಟ್, ಬರತ್ತೆ, ಅದು ಬೇರೆ ಮಾತು). ಹಾಗಾಗಿ ನೀವು ಅಬಾರ್ಟ್ ಒತ್ತಿದ್ರೂ ಅಷ್ಟೆ, ಸುಮ್ನೆ ಬಿಟ್ಟು ಫಾರ್ಮ್ಯಾಟ್ ಮಾಡಿದ್ರೂ ಅಷ್ಟೆ, ಆ 70 ಪರ್ಸೆಂಟ್ ಹೋಯ್ತು. ವ್ಯತ್ಯಾಸ ಇರೋದು ಸರ್ವರಿಗೆ ಯಾವಾಗ ಗೊತ್ತಾಗತ್ತೆ ಅನ್ನೋದ್ರಲ್ಲಿ. ಅಬಾರ್ಟ್ ಮಾಡಿ ಅಪ್‌ಡೇಟ್ ಒತ್ತಿದ್ರೆ ತಕ್ಷಣ ಗೊತ್ತಾಗಿ ಇನ್ನೊಂದು ಕಾಪಿ ರೆಡಿ ಆಗತ್ತೆ. ಹೇಳ್ದೇ ಹೋದ್ರೆ ಡೆಡ್‌ಲೈನ್ ಮುಗಿಯೋ ತನಕ, ಅಂದ್ರೆ ಎಷ್ಟೋ ಪ್ರಾಜೆಕ್ಟಲ್ಲಿ ವಾರಗಟ್ಲೆ, ಈ ಪುಣ್ಯಾತ್ಮ ಕೆಲಸ ಮಾಡ್ತಿದಾನೆ ಅಂತಾನೇ ಅದು ನಂಬ್ಕೊಂಡಿರತ್ತೆ. ಅಬಾರ್ಟ್ ಮಾಡಿದ್ರೆ ಹಳೇ ಕ್ರೆಡಿಟ್ ಏನೂ ಕಟ್ ಆಗಲ್ಲ, ಭಯ ಬೇಡ.

ಅದಕ್ಕೇ ಫಾರ್ಮ್ಯಾಟ್‌ಗೆ ಒಂದೆರಡು ದಿನ ಮೊದ್ಲೇ 'ನೋ ನ್ಯೂ ಟಾಸ್ಕ್ಸ್' ಒತ್ತಿ, ಮುಗಿಯೋದು ಮುಗೀಲಿ, ಉಳಿದಿದ್ದು ಅಬಾರ್ಟ್ ಮಾಡಿ, ಅಪ್‌ಡೇಟ್ ಒತ್ತಿ, ಟಾಸ್ಕ್ ಲಿಸ್ಟ್ ಖಾಲಿ ಆಯ್ತಾ ನೋಡಿ, ಆಮೇಲೆ ಪ್ರಾಜೆಕ್ಟ್ ರಿಮೂವ್ ಮಾಡಿ. ಈ ಕ್ರಮ ತಪ್ಪಿಸ್ಬೇಡಿ.

ಇನ್ನೊಂದು ವಿಷ್ಯ, ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಟಾಸ್ಕ್ ಹೆಸರಿನ ಕೊನೇಲಿ ಅಂಡರ್‌ಸ್ಕೋರ್ ಹಾಕಿ ಒಂದು ನಂಬರ್ ಇರತ್ತೆ, ಗಮನಿಸಿದೀರಾ? ಎಷ್ಟೋ ಪ್ರಾಜೆಕ್ಟಲ್ಲಿ ಒಂದೇ ಕೆಲಸನ ಇಬ್ಬರಿಗೆ ಕೊಟ್ಟು ಎರಡೂ ಉತ್ತರ ಹೊಂದತ್ತಾ ಅಂತ ನೋಡ್ತಾರೆ, ಒಬ್ಬರಿಗೆ 0, ಇನ್ನೊಬ್ಬರಿಗೆ 1. ನಿಮ್ಗೆ 2 ಅಥವಾ 3 ಬಂತು ಅಂದ್ರೆ ಮೊದಲಿನವರಲ್ಲಿ ಯಾರೋ ಕೈಕೊಟ್ಟಿದಾರೆ, ಇಲ್ಲಾ ಉತ್ತರ ಹೊಂದಿಲ್ಲ ಅಂತ ಅರ್ಥ. ನಂದೇ ಒಂದು 0 ಮೂರೇ ದಿನಕ್ಕೆ ಮುಗ್ದು ಎರಡು ತಿಂಗಳ ಮೇಲೆ ಪೆಂಡಿಂಗ್ ಇತ್ತು, 1 ತಗೊಂಡೋರು ನಾಪತ್ತೆ, 2 ತಗೊಂಡೋರೂ ನಾಪತ್ತೆ, ಕೊನೆಗೆ 3 ತಗೊಂಡ ಯಾರೋ ಒಂದೇ ರಾತ್ರೀಲಿ ಮುಗ್ಸಿ ಕೊಟ್ರು. ಅವರು ಯಾರು ಅಂತ ಗೊತ್ತಿಲ್ಲ, ಆದ್ರೆ ಅವತ್ತು ತುಂಬಾ ಖುಷಿ ಆಯ್ತು.

ಅನ್ಯಗ್ರಹ ಜೀವಿಗಳ ಸಿಗ್ನಲ್ ಹುಡುಕ್ತಿದ್ದ ಸೆಟಿ ಅಟ್ ಹೋಮ್ ಅನ್ನೋ ಬೋಯಿಂಕ್ ಪ್ರಾಜೆಕ್ಟ್ 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಕೊಡೋದು ನಿಲ್ಸಿದ್ಮೇಲೂ ಕೆಲವರಿಗೆ ಟಾಸ್ಕ್ ಬರ್ತಾನೇ ಇತ್ತು, ಎಲ್ಲಿಂದ ಬಂತು ಅಂತ ಆಶ್ಚರ್ಯ ಪಟ್ಟಿದ್ರು. ಅವು ಯಾರೋ ಹೇಳ್ದೇ ಬಿಟ್ಟೋಗಿದ್ದ, ಇಲ್ಲಾ ಉತ್ತರ ಹೊಂದದೇ ಇದ್ದ ಟಾಸ್ಕ್‌ಗಳ 2, 3 ನಂಬರಿನ ಥರದ ಕಾಪಿಗಳು.