ಗುಂಡಿನ ನಡುವೆ ನಿಂತವರಿಗೆಲ್ಲ ಬ್ಯಾಡ್ಜ್ ಯಾಕಿಲ್ಲ?

ಅಮೆರಿಕ ಸೇನೆಯ ಮೂವರು ಒಂದೇ ಕಂದಕದಲ್ಲಿ, ಒಂದೇ ರಾತ್ರಿ ಶತ್ರುವಿನ ಗುಂಡು ಎದುರಿಸಿದರು ಎಂದುಕೊಳ್ಳಿ. ಒಬ್ಬ ಪದಾತಿ, ಇನ್ನೊಬ್ಬ ಆ ತುಕಡಿಯ ವೈದ್ಯಕೀಯ ಸಹಾಯಕ, ಮತ್ತೊಬ್ಬ ಫಿರಂಗಿ ದಳದವನು. ಅದು ವಿಯೆಟ್ನಾಂ ಆಗಿದ್ದರೆ ಕಾಳಗ ಕಂಡದ್ದರ ಗುರುತಾಗಿ ಸಮವಸ್ತ್ರದ ಮೇಲೆ ಧರಿಸುವ ಬ್ಯಾಡ್ಜ್ ಮೊದಲಿಬ್ಬರಿಗೆ ತಲಾ ಒಂದು ಸಿಗುತ್ತಿತ್ತು, ಮೂರನೆಯವನಿಗೆ ಯಾವುದೂ ಇಲ್ಲ. ನಿಯಮ ಕೇಳುವುದು ಗುಂಡು ಹಾರಿತೇ ಎಂದಷ್ಟೇ ಅಲ್ಲ. ನಿನ್ನ ಹುದ್ದೆ ಯಾವುದು, ತುಕಡಿ ಯಾವುದು ಎಂದೂ ಕೇಳುತ್ತದೆ.

ಇದರ ಬೇರು 1943ರಲ್ಲಿದೆ. ಸಾವುನೋವಿನ ದೊಡ್ಡ ಪಾಲು ಪದಾತಿಗಳದ್ದು, ಹೆಸರು ಮಾತ್ರ ವಿಮಾನದಳದವರದ್ದು ಎಂಬ ಕೊರಗು ಆಗ ಸೇನೆಯೊಳಗೆ ಇತ್ತು. ಆ ವರ್ಷದ ಅಕ್ಟೋಬರ್ 27ರಂದು ‘ಕಾಂಬ್ಯಾಟ್ ಇನ್‌ಫಂಟ್ರಿಮನ್ ಬ್ಯಾಡ್ಜ್’ (ಸಿಐಬಿ) ಹುಟ್ಟಿತು: 3 ಇಂಚು ಉದ್ದ, ನೀಲಿ ಪಟ್ಟಿಯ ಮೇಲೆ 1795ರ ಮಾದರಿಯ ಕೋವಿ, ಹಿಂದೆ ಓಕ್ ಎಲೆಗಳ ಮಾಲೆ. 1944ರ ಜೂನ್‌ನಲ್ಲಿ ಅದಕ್ಕೆ ತಿಂಗಳಿಗೆ 10 ಡಾಲರ್ ಹೆಚ್ಚುವರಿ ಸಂಬಳವೂ ಸೇರಿತು. ಅದೇ ಪದಾತಿಗಳ ಜೊತೆ ತೆವಳುತ್ತಿದ್ದ ವೈದ್ಯಕೀಯ ಸಹಾಯಕರು ಈ ಲೆಕ್ಕದಿಂದ ಹೊರಗುಳಿದರು. ಅವರಿಗೆ ಪ್ರತ್ಯೇಕ ಬ್ಯಾಡ್ಜ್ ಬಂದದ್ದು 1945ರ ಮಾರ್ಚ್‌ನಲ್ಲಿ. ಅದೂ ಪದಾತಿ ತುಕಡಿಗಳಲ್ಲಿದ್ದವರಿಗೆ ಮಾತ್ರ. ಟ್ಯಾಂಕ್ ದಳದ ವೈದ್ಯಕೀಯ ಸಿಬ್ಬಂದಿ 1991ರ ಕೊಲ್ಲಿ ಯುದ್ಧದವರೆಗೆ ಕಾಯಬೇಕಾಯಿತು.

ಸಿಐಬಿಯ ಷರತ್ತು ಮೇಲ್ನೋಟಕ್ಕೆ ಸರಳ. ಹುದ್ದೆ ಪದಾತಿಯದ್ದಾಗಿರಬೇಕು (ವಿಶೇಷ ಪಡೆಯವರಿಗೆ 1989ರ ಡಿಸೆಂಬರ್ 20ರಿಂದ ಅವಕಾಶ), ದರ್ಜೆ ಕರ್ನಲ್ ಅಥವಾ ಅದಕ್ಕಿಂತ ಕೆಳಗಿರಬೇಕು, ತುಕಡಿ ಬ್ರಿಗೇಡ್ ಅಥವಾ ಅದಕ್ಕಿಂತ ಚಿಕ್ಕದಿರಬೇಕು. ಆ ತುಕಡಿ ಭೂಕಾಳಗದಲ್ಲಿ ತೊಡಗಿದಾಗ ಸೈನಿಕ ಖುದ್ದಾಗಿ ಅಲ್ಲಿದ್ದು ಶತ್ರುವಿನ ಗುಂಡಿಗೆ ಈಡಾಗಿರಬೇಕು. ತುಕಡಿಗೆ ಯುದ್ಧದಲ್ಲಿ ಭಾಗವಹಿಸಿದ ಮನ್ನಣೆ ಇದೆ ಎಂದಮಾತ್ರಕ್ಕೆ ಅದರಲ್ಲಿದ್ದವರಿಗೆಲ್ಲ ಬ್ಯಾಡ್ಜ್ ಬರುವುದಿಲ್ಲ. ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಹುದ್ದೆಯ ಷರತ್ತಿನಲ್ಲೇ: ಪದಾತಿಯ ಕೆಲಸ ಮಾಡಿದವನು ದಾಖಲೆಯಲ್ಲಿ ಫಿರಂಗಿಯವನಾಗಿದ್ದರೆ ಮುಗಿಯಿತು. ಒಂದು ಕಿಂಡಿ ಇದೆ, ಅದು ಅಧಿಕಾರಿಗಳಿಗೆ ಮಾತ್ರ. ಬೇರೆ ಶಾಖೆಯವರಾದರೂ ಆದೇಶದ ಮೇರೆಗೆ ಪದಾತಿ ತುಕಡಿಯನ್ನು ಸತತ 30 ದಿನ ಮುನ್ನಡೆಸಿದ್ದರೆ ಅವರನ್ನು ಪದಾತಿ ಎಂದೇ ಪರಿಗಣಿಸುತ್ತಾರೆ.

ಪೂರ್ಣ ಪ್ರಮಾಣದ ಯುದ್ಧ ನಡೆಯದ ಕಡೆ ನಿಯಮ ಇನ್ನೂ ಬಿಗಿಯಾಗಿದ್ದದ್ದೂ ಉಂಟು. ಉತ್ತರ ಮತ್ತು ದಕ್ಷಿಣ ಕೊರಿಯಾ ನಡುವಿನ ಗಡಿಪಟ್ಟಿಯಲ್ಲಿ 1969ರ ಜನವರಿ 4ರ ನಂತರ ಸೇವೆಯಲ್ಲಿದ್ದವರು ಅಪಾಯದ ವಲಯದಲ್ಲಿ ಕನಿಷ್ಠ 60 ದಿನ ಇದ್ದು, 5 ಬಾರಿ ಗುಂಡಿನ ಚಕಮಕಿಯಲ್ಲಿ ಪಾಲ್ಗೊಂಡಿರಬೇಕಿತ್ತು. ನಾಲ್ಕು ಬಾರಿ ಬದುಕುಳಿದವನಿಗೆ ಐದನೆಯದು ಬರಲಿ ಎಂದು ಹಾರೈಸಬೇಕಾದ ಪರಿಸ್ಥಿತಿ!

ಹುದ್ದೆ ನೋಡುವ ನಿಯಮದ ಬುಡ ಅಲ್ಲಾಡಿದ್ದು ಇರಾಕ್‌ನಲ್ಲಿ. ಮುಂಚೂಣಿ ಎಂಬ ಗೆರೆಯೇ ಅಳಿಸಿಹೋಗಿತ್ತು; ಟ್ಯಾಂಕ್ ಮತ್ತು ಫಿರಂಗಿ ದಳದವರು ಕಾಲ್ನಡಿಗೆಯಲ್ಲಿ ಗಸ್ತು ತಿರುಗುತ್ತಿದ್ದರು. 2005ರ ಫೆಬ್ರುವರಿಯಲ್ಲಿ ಸೇನೆ ಅಂಥವರಿಗಾಗಿ ‘ಕ್ಲೋಸ್ ಕಾಂಬ್ಯಾಟ್ ಬ್ಯಾಡ್ಜ್’ ಪ್ರಕಟಿಸಿತು. ಆದರೆ ದಾರಿಬದಿಯ ಬಾಂಬುಗಳಿಗೆ ತುತ್ತಾಗುತ್ತಿದ್ದ ಟ್ರಕ್ ಚಾಲಕರು, ಮಿಲಿಟರಿ ಪೊಲೀಸರು ಅದರಲ್ಲೂ ಇರಲಿಲ್ಲ. ಆ ಯೋಜನೆ ಕೈಬಿಟ್ಟು, ಮೇ 2ರಂದು ಶಾಖೆಯ ಕಟ್ಟಳೆಯೇ ಇಲ್ಲದ ‘ಕಾಂಬ್ಯಾಟ್ ಆ್ಯಕ್ಷನ್ ಬ್ಯಾಡ್ಜ್’ಗೆ ಸೇನಾ ಮುಖ್ಯಸ್ಥ ಪೀಟರ್ ಶೂಮೇಕರ್ ಒಪ್ಪಿಗೆ ಕೊಟ್ಟರು. ಪದಾತಿ ಹುದ್ದೆಗಳು ಮಹಿಳೆಯರಿಗೆ ತೆರೆದದ್ದು 2016ರಲ್ಲಿ. ಅಲ್ಲಿಯವರೆಗೆ ಗುಂಡು ಎದುರಿಸಿದ ಬಹುತೇಕ ಮಹಿಳಾ ಸೈನಿಕರಿಗೆ ಸಿಗಬಹುದಾಗಿದ್ದದ್ದು ಇದೇ.

ಇಲ್ಲಿ ತೊಡಕಿನದು ದಿನಾಂಕ. ಈ ಹೊಸ ಬ್ಯಾಡ್ಜ್ ಅನ್ವಯವಾಗುವುದು 2001ರ ಸೆಪ್ಟೆಂಬರ್ 18ರಿಂದ ಈಚಿನ ಕಾಳಗಗಳಿಗೆ ಮಾತ್ರ. ನೌಕಾಪಡೆ 1969ರಲ್ಲಿ ತಂದ ಇಂಥದ್ದೇ ರಿಬ್ಬನ್ನನ್ನು ಮುಂದೆ ಕಾನೂನಿನ ಮೂಲಕ 1941ರ ಡಿಸೆಂಬರ್ 7ರವರೆಗೂ ಹಿಂದಕ್ಕೆ ಅನ್ವಯಿಸಲಾಯಿತು. ಸೇನೆಯ ಬ್ಯಾಡ್ಜಿಗೂ ಅದೇ ದಿನಾಂಕ ಬರಲಿ ಎಂಬ ಮಸೂದೆಗಳು ಅಮೆರಿಕದ ಸಂಸತ್ತಿಗೆ ಪದೇಪದೇ ಬಂದಿವೆ. ನ್ಯಾಯದ ದೃಷ್ಟಿಯಿಂದ ಬೇಡಿಕೆ ಸರಿಯೇ, ಕಷ್ಟವಿರುವುದು ಪುರಾವೆಯಲ್ಲಿ.

ಸೇವೆಯಲ್ಲಿರುವವರು ನಿಯೋಜನೆಯ ಆದೇಶ, ಘಟನೆಯ ವಿವರ, ಸಾಕ್ಷಿಗಳ ಪ್ರಮಾಣಿತ ಹೇಳಿಕೆ ಜೋಡಿಸಿ ಕಮಾಂಡರ್ ಮೂಲಕ ಅರ್ಜಿ ಕಳಿಸುತ್ತಾರೆ. ನಿವೃತ್ತರು ದಾಖಲೆ ತಿದ್ದುಪಡಿ ಮಂಡಳಿಗೆ ‘ಡಿಡಿ 149’ ನಮೂನೆ ತುಂಬಬೇಕು. ಆದರೆ 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು, 1912ರಿಂದ 1960ರ ನಡುವೆ ಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇ 80ರಷ್ಟು ನಾಶವಾದವು. ಅಂಥವರ ಕೈಗೆ ಉಳಿದದ್ದು ಅವರ ತುಕಡಿಯ ‘ಮಾರ್ನಿಂಗ್ ರಿಪೋರ್ಟ್’ ಎಂಬ ದೈನಂದಿನ ವರದಿ. ಅದರಲ್ಲಿ ಬರೆಯುತ್ತಿದ್ದದ್ದು ಆ ದಿನದ ಬದಲಾವಣೆಗಳನ್ನು ಮಾತ್ರ: ಯಾರು ಗಾಯಗೊಂಡರು, ಯಾರು ಆಸ್ಪತ್ರೆಗೆ ಹೋದರು, ಯಾರು ಹೊಸದಾಗಿ ಬಂದರು. ಏನೂ ಆಗದೆ ದಿನವೂ ಕಂದಕದಲ್ಲೇ ಇದ್ದವನ ಹೆಸರು ಅದರಲ್ಲಿ ಇರುವುದಿಲ್ಲ.