ಎಥನಾಲ್ ಬೆರೆತ ಪೆಟ್ರೋಲ್: ನಿಮ್ಮ ಕಾರು ಎಷ್ಟನ್ನು ತಾಳುತ್ತದೆ?

‘ಎಥನಾಲ್ ಹಾಕಿದರೆ ಎಂಜಿನ್ ಹಾಳಾಗುತ್ತಾ?’ ಗ್ಯಾರೇಜಿಗೆ ಬರುವವರಲ್ಲಿ ಬಹಳ ಜನ ಇದನ್ನೇ ಕೇಳುತ್ತಾರೆ. ಹೌದು ಅಥವಾ ಇಲ್ಲ ಎನ್ನುವ ಮೊದಲು ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಪೆಟ್ರೋಲಿನಲ್ಲಿ ಎಥನಾಲ್ ಪಾಲು ಎಷ್ಟು? ಕಾರು ದಿನಾ ಓಡುತ್ತದೆಯೋ, ತಿಂಗಳುಗಟ್ಟಲೆ ನಿಂತೇ ಇರುತ್ತದೆಯೋ?

ಮೊದಲು ಪಾಲಿನ ವಿಷಯ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲ್‌ಗೆ 9 ಕಿಲೋ ಸಾಕು, ಯಾಕೆಂದರೆ ಅದರೊಳಗೇ ಆಮ್ಲಜನಕ ಇದೆ. ಅಂದರೆ ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇದ್ದರೂ ಇಂಧನ ಜಾಸ್ತಿ ಸುರಿಯಬೇಕಾಗುತ್ತದೆ. ಈ ಲೆಕ್ಕ ನೋಡಿಕೊಳ್ಳುವುದು ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ‘ಇಂಧನ ಸಾಲುತ್ತಿಲ್ಲ’ ಎಂದು ತಿಳಿಸಿದರೆ, ಇಸಿಯು ಇಂಧನ ಚಿಮ್ಮಿಸುವ ಇಂಜೆಕ್ಟರನ್ನು ಇನ್ನೂ ಸ್ವಲ್ಪ ಹೊತ್ತು ತೆರೆದಿಡುತ್ತದೆ. ಈ ತಿದ್ದುಪಡಿಗೆ ನಾವು ಫ್ಯೂಯಲ್ ಟ್ರಿಮ್ ಅನ್ನುತ್ತೇವೆ.

ಶೇಕಡಾ 10 ಬೆರಕೆಗೆ ಬೇಕಾದ ತಿದ್ದುಪಡಿ ಸುಮಾರು 3ರಿಂದ 4 ಶೇಕಡಾ. 20ರ ಬೆರಕೆಗೆ 7ರಿಂದ 8. ಇಂಜೆಕ್ಷನ್ ಇರುವ ಸಾಮಾನ್ಯ ಕಾರು ಇದನ್ನು ಸದ್ದಿಲ್ಲದೆ ಮಾಡಿಕೊಳ್ಳುತ್ತದೆ. ಆದರೆ ಶೇಕಡಾ 85ರ ಬೆರಕೆಗೆ 40 ಶೇಕಡಾಗಿಂತ ಹೆಚ್ಚು ಇಂಧನ ಬೇಕು. ಬಹುತೇಕ ಕಾರುಗಳ ಟ್ರಿಮ್ ಶೇಕಡಾ 25ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಆಮೇಲೆ ಮಿಶ್ರಣ ತೆಳುವಾಗುತ್ತದೆ (ಗಾಳಿ ಹೆಚ್ಚು, ಇಂಧನ ಕಡಿಮೆ), ಪಿಕಪ್ ಹೋಗುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ಸಾಮಾನ್ಯವಾಗಿ ಪಿ0171 ಕೋಡ್ ಬರುತ್ತದೆ, ಮಿಶ್ರಣ ತೆಳು ಅಂತ ಅದರ ಅರ್ಥ. ಫ್ಲೆಕ್ಸ್ ಫ್ಯೂಯಲ್ (ಎಥನಾಲ್ ಪಾಲು ಎಷ್ಟಿದ್ದರೂ ಓಡುವಂತೆ ಮಾಡಿದ) ಅಲ್ಲದ ಕಾರಿಗೆ ಈ ಬೆರಕೆ ಹಾಕಬೇಡಿ, ದಯವಿಟ್ಟು. ಒಂದು ಟ್ಯಾಂಕ್ ಹಾಕಿ ಏನೂ ಆಗಲಿಲ್ಲ ಅಂತ ಹೇಳುವವರಿದ್ದಾರೆ. ತೆಳು ಮಿಶ್ರಣದಲ್ಲಿ ಜೋರಾಗಿ ಓಡಿಸಿದ ಎಂಜಿನ್ನಿನ ವಾಲ್ವ್‌ಗಳನ್ನು ಬಿಚ್ಚಿ ನೋಡಿದವನು ನಾನು. ಹಾಗೆ ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಕಾರ್ಬ್ಯುರೇಟರ್ ಕಾರಿನ, ಅಂದರೆ ಇಂಜೆಕ್ಷನ್ ಇಲ್ಲದ ಹಳೆ ಕಾರಿನ ಕಥೆ ಬೇರೆ. ಅದರಲ್ಲಿ ಪೆಟ್ರೋಲ್ ಬರುವ ಜೆಟ್‌ನ ತೂತು ಇದ್ದಷ್ಟೇ ಇರುತ್ತದೆ, ತಿದ್ದಲು ಸೆನ್ಸರ್ ಇಲ್ಲ. ಚಳಿಯಲ್ಲಿ ಸ್ಟಾರ್ಟ್ ಕಷ್ಟ, ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಕ್ಷಣ ತಡವರಿಕೆ. ಇಂಥ ಕಾರಿಗೆ ಜೆಟ್ ಬದಲಿಸಿ ಟ್ಯೂನ್ ಮಾಡಬೇಕಾಗಬಹುದು.

ಮೈಲೇಜ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. 20ರ ಬೆರಕೆಯಲ್ಲಿ 6ರಿಂದ 7 ಶೇಕಡಾ ಕಮ್ಮಿಯಾದರೆ ಅದು ನಿಮ್ಮ ಕಾರಿನ ದೋಷ ಅಲ್ಲ. ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಟೈರ್ ಗಾಳಿ, ಪ್ಲಗ್, ಸೆನ್ಸರ್ ನೋಡಿಸಿ. ಎಥನಾಲ್‌ಗೆ ಆಕ್ಟೇನ್ ಹೆಚ್ಚು ಅನ್ನುವುದು ನಿಜ, ನಾಕಿಂಗ್ (ಇಂಧನ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಟಕಟಕ ಬಡಿಯುವುದು) ಕಡಿಮೆಯಾಗುತ್ತದೆ. ಆದರೆ ಅದರ ಪೂರ್ತಿ ಲಾಭ ಸಿಗುವುದು ಅದಕ್ಕೆಂದೇ ಮಾಡಿದ ಎಂಜಿನ್ನಿಗೆ.

ಇನ್ನು ರಬ್ಬರ್. ಹಳೆ ಕಾರುಗಳ ಹೋಸ್, ಓ-ರಿಂಗ್, ಪಂಪಿನ ಡಯಾಫ್ರಾಮ್ ಎಥನಾಲ್ ತಾಗಿದರೆ ಉಬ್ಬುತ್ತವೆ, ಮೆತ್ತಗಾಗುತ್ತವೆ, ಆಮೇಲೆ ಬಿರುಕು ಬಿಡುತ್ತವೆ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ತೋರಿಸಿ, ಬಿಸಿ ಎಂಜಿನ್ ಮೇಲೆ ಒಂದು ಹನಿ ಸಾಕು ಬೆಂಕಿಗೆ. ಬ್ರೆಜಿಲ್‌ನಲ್ಲಿ ಎಷ್ಟೋ ವರ್ಷಗಳಿಂದ 20 ಶೇಕಡಾಗಿಂತ ಹೆಚ್ಚು ಎಥನಾಲ್ ಬೆರೆಸುತ್ತಿದ್ದಾರೆ, ಅಲ್ಲಿ ಏನೂ ಆಗಿಲ್ಲವಲ್ಲ ಅಂತ ಕೇಳುತ್ತಾರೆ. ಅಲ್ಲಿನ ಕಾರುಗಳ ರಬ್ಬರ್, ಪಂಪ್, ಇಸಿಯು ಸೆಟ್ಟಿಂಗ್ ಎಲ್ಲವೂ ಅದಕ್ಕೆ ತಕ್ಕಂತೆ ಮಾಡಿದವು. ಹಾಗಾಗಿ ನಿಮ್ಮ ಕಾರಿನ ಮ್ಯಾನ್ಯುಯಲ್ ಅಥವಾ ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಏನು ಹೇಳುತ್ತದೆ, ಅದನ್ನು ಓದಿ. ಹಳೆ ಟ್ಯಾಂಕಿಗೆ ಮೊದಲ ಸಲ ಹಾಕುವಾಗ ಇನ್ನೊಂದು ವಿಷಯ: ಎಥನಾಲ್ ವರ್ಷಗಳ ಕೊಳೆಯನ್ನು ಕಿತ್ತು ಫಿಲ್ಟರಿಗೆ ತಂದು ತುಂಬುತ್ತದೆ. ಎರಡು ಮೂರು ಟ್ಯಾಂಕ್ ಆದ ಮೇಲೆ ಫಿಲ್ಟರ್ ಬದಲಿಸಿಬಿಡಿ.

ನನಗೆ ನಿಜವಾಗಿ ಚಿಂತೆ ಕೊಡುವುದು ನಿಂತ ಕಾರು. ಎಥನಾಲ್ ನೀರನ್ನು ಹೀರುತ್ತದೆ. ಶೇಕಡಾ 10ರ ಬೆರಕೆ ತನ್ನೊಳಗೆ ಸುಮಾರು ಅರ್ಧ ಶೇಕಡಾ ನೀರನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. ಅದು ಮೀರಿತೋ, ನೀರು ಮತ್ತು ಎಥನಾಲ್ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ, ಅಲ್ವಾ?

ಕೆಲವು ತಿಂಗಳು ಶೆಡ್ಡಿನಲ್ಲಿ ನಿಂತ ಒಂದು ಕಾರನ್ನು ಟೋ ಮಾಡಿ ನಮ್ಮಲ್ಲಿಗೆ ತಂದರು. ಅದರ ಟ್ಯಾಂಕ್ ಮುಚ್ಚಳದ ವಾಷರ್ ಒಡೆದಿತ್ತು, ಮಳೆನೀರು ಒಳಗೆ ಹೋಗಿತ್ತು. ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದೆ. ಹತ್ತು ನಿಮಿಷದಲ್ಲಿ ನಡುವೆ ಗೆರೆ ಎಳೆದ ಹಾಗೆ ಎರಡು ಪದರ. ಪಂಪಿನೊಳಗೆ ತುಕ್ಕು. ಮಾಲೀಕರು ಬಾಟಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಹೀಗೆ ಬೇರೆಯಾದ ಮೇಲೆ ಯಾವ ಔಷಧಿ ಸುರಿದರೂ ಒಂದಾಗುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ ತೊಳೆಯುವುದೊಂದೇ ದಾರಿ.

ಕಾರು ಜಾಸ್ತಿ ದಿನ ನಿಲ್ಲುವುದಿದ್ದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ತೇವದ ಗಾಳಿಗೆ ಜಾಗ ಉಳಿಯದ ಹಾಗೆ. ಮುಚ್ಚಳದ ವಾಷರ್ ನೋಡಿ. ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡಬೇಡಿ. ಆಗಾಗ ಅರ್ಧ ಗಂಟೆಯಾದರೂ ಓಡಿಸಿ, ಖರ್ಚಾದಷ್ಟು ಹೊಸ ಪೆಟ್ರೋಲ್ ಹಾಕಿ. ಕಾರ್ಬ್ಯುರೇಟರ್ ಇದ್ದರೆ ಅದರ ಬೌಲಿನಲ್ಲಿರುವ ಪೆಟ್ರೋಲನ್ನು ತೆಗೆದೇ ನಿಲ್ಲಿಸಿ.