ಪದ ಪರಿಚಯ: ವಲಸೆ ಸುದ್ದಿಯಲ್ಲಿ ಬರುವ ‘ಆಗಮನ’

2015ರಲ್ಲಿ ಎಷ್ಟು ಜನ ಗಡಿ ದಾಟಿ ಯುರೋಪಿಗೆ ಬಂದರು? ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಪ್ರಕಾರ ಸಮುದ್ರ ದಾಟಿ ಬಂದವರು 10 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಯುರೋಪಿಯನ್ ಒಕ್ಕೂಟದ ಗಡಿ ಸಂಸ್ಥೆ ಫ್ರಾಂಟೆಕ್ಸ್ ಪ್ರಕಾರ ಆ ವರ್ಷದ ಲೆಕ್ಕ 18 ಲಕ್ಷ. ವಿಜಯನಗರದ ಕೋಚಿಂಗ್ ಕ್ಲಾಸುಗಳಲ್ಲಿ ಐಎಎಸ್, ಕೆಎಎಸ್‌ಗೆ ಓದುವವರು ಉತ್ತರದಲ್ಲಿ ಯಾವುದನ್ನು ಬರೆಯಬೇಕು? ಯಾವುದನ್ನು ಬರೆದರೂ ತಪ್ಪಲ್ಲ, ಏನನ್ನು ಎಣಿಸಿದ್ದು ಅಂತ ಜೊತೆಗೆ ಬರೆದರೆ.

ಫ್ರಾಂಟೆಕ್ಸ್ ತಲೆ ಎಣಿಸುವುದಿಲ್ಲ, ಗಡಿ ದಾಟಿದ್ದನ್ನು ಎಣಿಸುತ್ತದೆ. ಸಿರಿಯಾದ ಒಬ್ಬ ಟರ್ಕಿಯಲ್ಲಿ ರಬ್ಬರ್ ದೋಣಿ ಹತ್ತಿ ಗ್ರೀಸ್‌ನ ಲೆಸ್ಬೋಸ್ ದ್ವೀಪದಲ್ಲಿ ಇಳಿದರೆ ಅದು ಒಂದು. ಅಲ್ಲಿಂದ ಉತ್ತರ ಮ್ಯಾಸಿಡೋನಿಯಾ, ಸರ್ಬಿಯಾ ಹಾದು ಹಂಗೇರಿಯ ಗಡಿಗೆ ಬಂದರೆ ಇನ್ನೊಂದು. ನಡುವಿನ ಆ ಎರಡು ದೇಶಗಳು ಒಕ್ಕೂಟದಲ್ಲಿಲ್ಲ, ಹಾಗಾಗಿ ಅವನು ಒಕ್ಕೂಟದೊಳಗೆ ಎರಡು ಸಲ ಬಂದ ಹಾಗಾಯಿತು. ನಮ್ಮ ಮೆಟ್ರೊದಲ್ಲಿ 2025ರ ಆಗಸ್ಟ್‌ನಲ್ಲಿ ಒಂದೇ ದಿನ 10 ಲಕ್ಷ ದಾಟಿತು ಅಂತ ಸುದ್ದಿಯಾಯಿತಲ್ಲ, ಅಲ್ಲೂ ಹೀಗೇ. ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಮನೆಗೆ ಬಂದವರು ಎರಡು ಸಲ ಲೆಕ್ಕ.

ಅಮೆರಿಕದ ದಕ್ಷಿಣ ಗಡಿಯ ಅಂಕಿಗಳಲ್ಲೂ ಇದೇ ಕಥೆ. 2020ರಿಂದ 2023ರವರೆಗೆ ಕೋವಿಡ್ ಹೆಸರಿನಲ್ಲಿ ಜನರನ್ನು ಗಡಿಯಿಂದಲೇ ವಾಪಸ್ ಕಳಿಸುವ ನಿಯಮ ಇತ್ತು. ಅವರಲ್ಲಿ ತುಂಬಾ ಜನ ಮತ್ತೆ ಬಂದರು. ಬಂದಾಗಲೆಲ್ಲ ಲೆಕ್ಕ ಏರಿತು.

ಸರಿ, ‘ಆಗಮನ’ ಅಂದರೆ ಏನು? ವೀಸಾ, ಅನುಮತಿ ಇಲ್ಲದೆ ಗಡಿ ದಾಟಿ ಬಂದು, ಯಾವುದೋ ಅಧಿಕಾರಿಯ ಕಣ್ಣಿಗೆ ಬಿದ್ದು, ಪುಸ್ತಕದಲ್ಲಿ ಸೇರಿದ್ದು. ಕಣ್ಣಿಗೆ ಬೀಳುವುದು ಇಲ್ಲಿ ಮುಖ್ಯ. ವರದಿಗಳಲ್ಲಿ ‘ವಲಸಿಗರು ಮತ್ತು ನಿರಾಶ್ರಿತರು’ ಎಂದು ಜೋಡಿಯಾಗಿ ಬರೆಯುವುದಕ್ಕೂ ಕಾರಣ ಇದೆ. ಒಂದೇ ದೋಣಿಯಲ್ಲಿ ಯುದ್ಧಕ್ಕೆ ಹೆದರಿ ಬಂದವರೂ ಇರುತ್ತಾರೆ, ಕೆಲಸ ಹುಡುಕಿ ಬಂದವರೂ ಇರುತ್ತಾರೆ. ಯಾರು ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ನಿರಾಶ್ರಿತರು ಎಂದು ತೀರ್ಮಾನ ಆಗುವುದು ಆಮೇಲೆ, ಅರ್ಜಿ ಹಾಕಿ ತಿಂಗಳುಗಳು, ಕೆಲವು ಸಲ ವರ್ಷಗಳು ಕಳೆದ ಮೇಲೆ. ದಡದಲ್ಲಿ ಎಣಿಸುವಾಗ ಅದು ಯಾರಿಗೂ ಗೊತ್ತಿರುವುದಿಲ್ಲ.

ಎಣಿಕೆ ಹೇಗೆ ನಡೆಯುತ್ತದೆ ಎಂದು ನೋಡಲು ಲ್ಯಾಂಪೆಡೂಸಾ ಒಳ್ಳೆ ಜಾಗ. ಇಟಲಿಗೆ ಸೇರಿದ ಈ ಪುಟ್ಟ ದ್ವೀಪ ಸಿಸಿಲಿಗಿಂತ ಟುನೀಶಿಯಾಕ್ಕೇ ಹತ್ತಿರ. ಕರಾವಳಿ ಕಾವಲು ಪಡೆ ಸಮುದ್ರದಲ್ಲಿ ಸಿಕ್ಕವರನ್ನು ಫವಲೋರೊ ಎಂಬ ಕಟ್ಟೆಗೆ ತಂದು ಇಳಿಸುತ್ತದೆ. ಮೊದಲು ವೈದ್ಯರು ನೋಡುತ್ತಾರೆ. ಆಮೇಲೆ ಹೆಸರು, ದೇಶ, ವಯಸ್ಸು ಕೇಳಿ ಬರೆದುಕೊಳ್ಳುತ್ತಾರೆ. ಬೆರಳಚ್ಚು ತೆಗೆದು ಯೂರೋಡ್ಯಾಕ್ ಎಂಬ ದಾಖಲೆಗೆ ಸೇರಿಸುತ್ತಾರೆ. ಇಟಲಿಯ ಗೃಹ ಇಲಾಖೆ ಇಳಿದವರ ಸಂಖ್ಯೆಯನ್ನು ಆಗಾಗ ಪ್ರಕಟಿಸುತ್ತಾ ಇರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಎರಡು ಮೂರು ದಿನಗಳಲ್ಲಿ ಬಂದವರ ಸಂಖ್ಯೆ ದ್ವೀಪದ ಜನಸಂಖ್ಯೆಯನ್ನೇ ಮೀರಿತ್ತು. ದ್ವೀಪದಲ್ಲಿರುವುದು ಸುಮಾರು 6 ಸಾವಿರ ಜನ.

ಭೂಮಾರ್ಗದಲ್ಲಿ ಇಷ್ಟು ಸಲೀಸಿಲ್ಲ. ಗ್ರೀಸ್ ಮತ್ತು ಟರ್ಕಿ ನಡುವೆ ಎವ್ರೋಸ್ ನದಿ ಹರಿಯುತ್ತದೆ. ರಾತ್ರಿ ನದಿ ದಾಟಿ, ಕಾಡಿನಲ್ಲಿ ನಡೆದು, ಪೊಲೀಸರ ಕೈಗೆ ಸಿಗದೆ ಊರು ಸೇರಿದವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸಮುದ್ರದ ಅಂಕಿಯನ್ನು ಹೆಚ್ಚುಕಡಿಮೆ ನಂಬಬಹುದು, ಭೂಮಾರ್ಗದ್ದನ್ನು ಕನಿಷ್ಠ ಇಷ್ಟು ಎಂದು ಓದಿಕೊಳ್ಳುವುದು ಕ್ಷೇಮ. ಟಿವಿಯಲ್ಲಿ ಯಾವಾಗಲೂ ದೋಣಿಯನ್ನೇ ತೋರಿಸುತ್ತಾರೆ, ಅದಕ್ಕೇ ವಲಸೆ ಅಂದರೆ ದೋಣಿ ಅಂತ ನಮ್ಮ ತಲೆಯಲ್ಲಿ ಕೂತಿದೆ ಅನಿಸುತ್ತದೆ.

ಸಮುದ್ರದ ಅಂಕಿಯಲ್ಲೂ ಹೊರಟವರೆಲ್ಲ ಇರುವುದಿಲ್ಲ. 2021ರಲ್ಲಿ ಇಟಲಿಗೆ ಸಮುದ್ರದಿಂದ ಬಂದವರು ಸುಮಾರು 67 ಸಾವಿರ. ಅದೇ ವರ್ಷ 32 ಸಾವಿರಕ್ಕೂ ಹೆಚ್ಚು ಜನರನ್ನು ನಡುನೀರಿನಲ್ಲೇ ಹಿಡಿದು ಲಿಬಿಯಾಕ್ಕೆ ವಾಪಸ್ ಒಯ್ದರು. ಲಿಬಿಯಾದ ಕಾವಲು ಪಡೆಗೆ ದೋಣಿ, ತರಬೇತಿ ಕೊಡಲು ಇಟಲಿ 2017ರ ಫೆಬ್ರವರಿಯಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಹಾಗೆ ವಾಪಸಾದವರು ‘ಆಗಮನ’ ಅಲ್ಲ. ಮುಳುಗಿ ಸತ್ತವರೂ ಆ ಅಂಕಿಯಲ್ಲಿ ಬರುವುದಿಲ್ಲ. ಅವರ ಲೆಕ್ಕವನ್ನು ವಲಸೆಗಾಗಿಯೇ ಇರುವ ವಿಶ್ವಸಂಸ್ಥೆಯ ಐಒಎಂ ಬೇರೆಯಾಗಿ ಇಡುತ್ತದೆ: 2014ರಿಂದೀಚೆಗೆ ಮೆಡಿಟರೇನಿಯನ್‌ನಲ್ಲಿ ಸತ್ತವರು, ಕಾಣೆಯಾದವರು 30 ಸಾವಿರಕ್ಕೂ ಹೆಚ್ಚು.

ಇನ್ನು ಏರಿಳಿತದ ವಿಷಯ. 2016ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ಹೀಗೆ ಬರುವವರನ್ನು ತಡೆಯಲು ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಗ್ರೀಸ್‌ಗೆ ಸಮುದ್ರದಿಂದ 2015ರಲ್ಲಿ ಬಂದವರು 8.5 ಲಕ್ಷದಷ್ಟು, 2017ರಲ್ಲಿ 30 ಸಾವಿರದಷ್ಟು. ಇಟಲಿಯಲ್ಲಿ 2016ರಲ್ಲಿ 1.8 ಲಕ್ಷ, 2018ರಲ್ಲಿ ಸುಮಾರು 23 ಸಾವಿರ. ಅದೇ 2018ರಲ್ಲಿ ಸ್ಪೇನ್‌ನ ಸರದಿ, ಸಮುದ್ರದಿಂದಲೇ 58 ಸಾವಿರಕ್ಕೂ ಹೆಚ್ಚು. 2023ರಲ್ಲಿ ಇಟಲಿ ಮತ್ತೆ 1.57 ಲಕ್ಷಕ್ಕೆ ಏರಿತು. ಆ ವರ್ಷ ಜುಲೈನಲ್ಲಿ ಒಕ್ಕೂಟ ಟುನೀಶಿಯಾದ ಜೊತೆಗೂ ಒಪ್ಪಂದ ಮಾಡಿಕೊಂಡಿತು, ಮರುವರ್ಷ ಇಟಲಿಯಲ್ಲಿ 66 ಸಾವಿರ. ಆಗ ಅಟ್ಲಾಂಟಿಕ್‌ನಲ್ಲಿರುವ ಸ್ಪೇನ್‌ನ ಕೆನರಿ ದ್ವೀಪಗಳಿಗೆ 46 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಸೆನೆಗಲ್‌ನಿಂದ ಅಲ್ಲಿಗೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ, ಹೋಗುವುದು ಮೀನು ಹಿಡಿಯುವ ಮರದ ದೋಣಿಯಲ್ಲಿ. 2025ರಲ್ಲಿ ಕೆನರಿಯ ಸಂಖ್ಯೆ ಬಿತ್ತು, ಪೂರ್ವ ಲಿಬಿಯಾದಿಂದ ಗ್ರೀಸ್‌ನ ಕ್ರೀಟ್ ಕಡೆಗೆ ಹೊರಡುವವರು ಜಾಸ್ತಿಯಾದರು.

ಇದನ್ನು ಓದಿದರೆ ಒಂದು ಬಾಗಿಲು ಮುಚ್ಚಿದ ಕೂಡಲೇ ಅದೇ ಜನ ಇನ್ನೊಂದು ಬಾಗಿಲಿಗೆ ಹೋದರು ಅನಿಸುತ್ತದೆ, ಅಲ್ವಾ? ಹಾಗೆ ಬರೆಯುವವರೂ ತುಂಬಾ ಜನ. ನನಗೆ ಅದು ಅರ್ಧ ಸತ್ಯ. 2015ರಲ್ಲಿ ಗ್ರೀಸ್‌ಗೆ ಬಂದವರು ಹೆಚ್ಚಾಗಿ ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ನವರು. ಮರುವರ್ಷ ಇಟಲಿಯಲ್ಲಿ ಇಳಿದವರಲ್ಲಿ ನೈಜೀರಿಯಾ, ಎರಿಟ್ರಿಯಾದವರು ಮುಂದಿದ್ದರು. ಕೆನರಿಗೆ ಹೋಗುವವರು ಮಾಲಿ, ಸೆನೆಗಲ್, ಮೊರಾಕೊ ಕಡೆಯವರು. ದಾರಿ ಮುಚ್ಚಿದಾಗ ಕೆಲವರು ಬೇರೆ ದಾರಿ ಹಿಡಿಯುತ್ತಾರೆ, ಕೆಲವರು ಟರ್ಕಿಯಲ್ಲೋ ಲಿಬಿಯಾದಲ್ಲೋ ಸಿಕ್ಕಿಬೀಳುತ್ತಾರೆ, ಇನ್ನೊಂದು ದಾರಿಯಲ್ಲಿ ಏರಿದ್ದು ಬೇರೆಯದೇ ಕಾರಣಕ್ಕೆ ಇರಬಹುದು. ಸುಮ್ನೆ ಗ್ರಾಫ್ ನೋಡಿದರೆ ಇದು ಗೊತ್ತಾಗುವುದಿಲ್ಲ, ಯಾವ ದೇಶದವರು ಎಂಬ ಕಾಲಂ ನೋಡಬೇಕು. 2024ರಲ್ಲಿ ಇಟಲಿಗೆ ದೋಣಿಯಲ್ಲಿ ಬಂದವರಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದವರು ನಮ್ಮ ಪಕ್ಕದ ಬಾಂಗ್ಲಾದೇಶದವರು. ಅವರು ಲಿಬಿಯಾದವರೆಗೆ ಬರುವುದು ಬಹುಪಾಲು ವಿಮಾನದಲ್ಲೇ.

ಈ ಲೆಕ್ಕದ ದೊಡ್ಡ ವಿಚಿತ್ರ 2022ರಲ್ಲಿದೆ. ಆ ವರ್ಷ ಮೆಡಿಟರೇನಿಯನ್ ದಾರಿಗಳ ಅಂಕಿ ಒಂದೂವರೆ ಲಕ್ಷದ ಆಸುಪಾಸು. ಆದರೆ ಯುಕ್ರೇನ್ ಯುದ್ಧದಿಂದ ಓಡಿ ಬಂದು ಯುರೋಪಿಯನ್ ಒಕ್ಕೂಟದಲ್ಲಿ ತಾತ್ಕಾಲಿಕ ರಕ್ಷಣೆ ಪಡೆದವರು 40 ಲಕ್ಷದಷ್ಟು. ಅವರು ನಡೆದು, ಬಸ್ಸು, ರೈಲು ಹತ್ತಿ ಪೋಲೆಂಡ್, ರೊಮೇನಿಯಾ ಗಡಿ ದಾಟಿದರು. ಯುಕ್ರೇನಿನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಕರ್ನಾಟಕದ ಹುಡುಗ ಹುಡುಗಿಯರೂ ಅದೇ ಚಳಿಯಲ್ಲಿ ಗಡಿ ದಾಟಿ ಬೆಂಗಳೂರಿಗೆ ಬಂದರು. ಯುಕ್ರೇನಿನವರಿಗೆ ವೀಸಾ ಬೇಕಿರಲಿಲ್ಲ. ಹಾಗಾಗಿ ಇದ್ಯಾವುದೂ ಅಕ್ರಮ ‘ಆಗಮನ’ದ ಪಟ್ಟಿಯಲ್ಲಿ ಬರಲಿಲ್ಲ. ದಶಕಗಳಲ್ಲೇ ದೊಡ್ಡ ವಲಸೆ, ಗ್ರಾಫ್‌ನಲ್ಲಿ ಕಾಣುವುದೇ ಇಲ್ಲ!

ಅಂಕಿ ಕಡಿಮೆಯಾಯಿತು ಅಂದರೆ ಹೊರಡುವ ಕಾರಣವೂ ಕಡಿಮೆಯಾಯಿತು ಅಂತ ಅಲ್ಲ. ಇದಕ್ಕೆ ಉದಾಹರಣೆ ಬೆಂಗಳೂರಿನಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲೇ ಇದೆ. 1959ರ ನಂತರ ಬಂದ ಟಿಬೆಟನ್ನರಿಗೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಆಮೇಲೂ ಟಿಬೆಟ್‌ನಿಂದ ಹಿಮದ ಕಣಿವೆ ದಾಟಿ, ನೇಪಾಳದ ಮೂಲಕ ಭಾರತಕ್ಕೆ ಪ್ರತಿ ವರ್ಷ ಸಾವಿರಾರು ಜನ ಬರುತ್ತಿದ್ದರು. 2008ರಲ್ಲಿ ಲಾಸಾದಲ್ಲಿ ಗಲಭೆಯಾಯಿತು, ಚೀನಾ ಗಡಿ ಬಿಗಿ ಮಾಡಿತು, ಬರುವವರ ಸಂಖ್ಯೆ ಕುಸಿಯಿತು. ಈಚಿನ ವರ್ಷಗಳಲ್ಲಿ ಬಂದವರು ಬೆರಳೆಣಿಕೆಯಷ್ಟು. ಬೈಲಕುಪ್ಪೆಯ ಮಠಗಳಿಗೆ ಹೊಸದಾಗಿ ಸೇರುವ ಹುಡುಗರಲ್ಲಿ ಈಗ ನೇಪಾಳ, ಲಡಾಖ್, ಅರುಣಾಚಲದ ಕಡೆಯವರೇ ಜಾಸ್ತಿ.